ಸುದ್ದಿಗೆ ಎರಡು ದನಿ

ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ಟಿವಿ ಕಡೆ ಕೈ ತೋರಿಸಿ, "ಓದೋದು ಒಂದೇ ಸುದ್ದಿ, ಅದಕ್ಕೆ ಇಬ್ಬರು ಯಾಕೆ? ದುಡ್ಡು ದಂಡ" ಅಂದರು. ಕೂತಿದ್ದವರೆಲ್ಲ ತಲೆಯಾಡಿಸಿದರು. ನನಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಇಬ್ಬರಿರುವುದು ಓದುವವರ ಅನುಕೂಲಕ್ಕಷ್ಟೇ ಅಲ್ಲ, ನೋಡುವ ನಮ್ಮ ಹಿತಕ್ಕೂ ಹೌದು.

ನೇರಪ್ರಸಾರದಲ್ಲಿ ಒಬ್ಬರು ಓದುತ್ತಿರುವಾಗ ಕ್ಯಾಮೆರಾದಾಚೆ ಇನ್ನೊಬ್ಬರು ಸುಮ್ಮನೆ ಕೂತಿರುವುದಿಲ್ಲ. ಒಂದು ಗುಟುಕು ನೀರು ಕುಡಿದು, ಈಗಷ್ಟೇ ಕೈಗೆ ಬಂದ ಹಾಳೆಯ ಮೇಲೆ ಕಣ್ಣಾಡಿಸುತ್ತಾ, ಇಯರ್‌ಪೀಸಿನಲ್ಲಿ ಬರುವ ಸೂಚನೆಗೆ ಕಿವಿಗೊಟ್ಟಿರುತ್ತಾರೆ. ಪತ್ರಿಕೆಯಲ್ಲಿ ತಲೆಬರಹ ಮಾಡುವ ಕೆಲಸವನ್ನು ಇಲ್ಲಿ ದನಿ ಮಾಡುತ್ತದೆ: ದನಿ ಬದಲಾದರೆ ಸುದ್ದಿ ಬದಲಾಯಿತೆಂದು ಅಡುಗೆಮನೆಯಲ್ಲಿದ್ದವರಿಗೂ ಗೊತ್ತಾಗುತ್ತದೆ. ಇನ್ನು, ಇಬ್ಬರಲ್ಲಿ ಒಬ್ಬರಾಗಿ ಹೆಣ್ಣುಮಗಳನ್ನು ಕೂರಿಸುವುದು ಬರೀ ಅಂದಕ್ಕೆ ಎನ್ನುವವರು, 2013ರಲ್ಲಿ ಅಮೆರಿಕದ ಪಿಬಿಎಸ್ ನ್ಯೂಸ್‌ಅವರ್ ಅನ್ನು ಜೂಡಿ ವುಡ್ರಫ್ ಮತ್ತು ಗ್ವೆನ್ ಐಫಿಲ್ ಎಂಬ ಇಬ್ಬರು ಪತ್ರಕರ್ತೆಯರೇ ವಹಿಸಿಕೊಂಡದ್ದನ್ನು ನೋಡಲಿ.

ಜೋಡಿ ಎಂದಾಗಲೆಲ್ಲ ನನಗೆ ನೆನಪಾಗುವುದು ಹಂಟ್ಲಿ, ಬ್ರಿಂಕ್ಲಿ. 1956ರ ಅಕ್ಟೋಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಶುರುಮಾಡಿದ ಇವರ ಕಾರ್ಯಕ್ರಮದಲ್ಲಿ ಚೆಟ್ ಹಂಟ್ಲಿ ನ್ಯೂಯಾರ್ಕಿನಲ್ಲಿ, ಡೇವಿಡ್ ಬ್ರಿಂಕ್ಲಿ ವಾಷಿಂಗ್ಟನ್ನಿನಲ್ಲಿ. ರಾಜಧಾನಿಯ ಸುದ್ದಿಯನ್ನು ಅಲ್ಲೇ ಇದ್ದು ಬಲ್ಲವರು ಹೇಳಬೇಕೆಂಬ ಲೆಕ್ಕ. ಒಬ್ಬರು ಮುಗಿಸಿ ಇನ್ನೊಬ್ಬರ ಹೆಸರು ಹಿಡಿದು ಕರೆಯುತ್ತಿದ್ದರು. "ಡೇವಿಡ್" ಎಂದ ಕೂಡಲೇ ದೂರವಾಣಿ ಕಂಪನಿಯ ತಂತ್ರಜ್ಞ ಪ್ರಸಾರದ ತಂತಿಯನ್ನು ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ತಿರುಗಿಸುತ್ತಿದ್ದ. ನೋಡುವವರಿಗೆ ಸ್ನೇಹದ ಕರೆಯಾಗಿ ಕೇಳಿದ್ದು ತಂತ್ರಜ್ಞನಿಗೆ ಸನ್ನೆಯಾಗಿತ್ತು!

ಇದಕ್ಕೆ ಎದುರಾಗಿ ವಾಲ್ಟರ್ ಕ್ರಾಂಕೈಟ್ ಇದ್ದಾರೆ. ಅವರನ್ನು ಬದಿಗೆ ಸರಿಸಲಾಗದು. 1962ರಿಂದ 1981ರವರೆಗೆ ಸಿಬಿಎಸ್‌ನ ಸಂಜೆ ಸುದ್ದಿಯನ್ನು ಒಬ್ಬರೇ ಹೊತ್ತರು. 1968ರಲ್ಲಿ ವಿಯೆಟ್ನಾಂಗೆ ಹೋಗಿ ನೋಡಿ ಬಂದು, ಈ ಯುದ್ಧ ಯಾರೂ ಗೆಲ್ಲದೆ ನಿಂತುಬಿಟ್ಟಿದೆ ಎಂದಾಗ ದೇಶ ಕಿವಿಗೊಟ್ಟಿತು. ಅಂಥ ಭಾರದ ಮಾತಿಗೆ ಒಂದೇ ಮುಖ ಬೇಕಾಗುತ್ತದೆ ಎಂಬ ವಾದ ಗಟ್ಟಿಯಾದದ್ದೇ. ಆದರೆ ಕ್ರಾಂಕೈಟ್ ತಮ್ಮ ಅಭಿಪ್ರಾಯ ಹೇಳಿದ್ದು ಅಪರೂಪಕ್ಕೆ, ಇದು ನನ್ನ ಅಭಿಪ್ರಾಯ ಎಂದು ಮೊದಲೇ ತಿಳಿಸಿ. ಇವತ್ತು ರಾತ್ರಿ ಒಂಬತ್ತಕ್ಕೆ ಒಂಟಿಯಾಗಿ ನಿಂತು, ತಾನೇ ಪ್ರಶ್ನೆ ಕೇಳಿ ತಾನೇ ತೀರ್ಪು ಕೊಟ್ಟು, ಅತಿಥಿಯ ಬಾಯಿ ಮುಚ್ಚಿಸುವವರಿಗೆ ಆ ಸಂಯಮ ಎಲ್ಲಿದೆ? ಅವರನ್ನು ನಡುವೆ ತಡೆಯುವವರು ಆ ಪರದೆಯ ಮೇಲೆ ಯಾರೂ ಇಲ್ಲ. ಪಕ್ಕದಲ್ಲಿ ಸರಿಸಮನಾದ ಇನ್ನೊಬ್ಬರು ಕೂತಿದ್ದರೆ ದನಿ ತಾನಾಗಿ ತಗ್ಗುತ್ತದೆ.

ಸರಿಸಮ ಎಂಬ ಮಾತು ಮುಖ್ಯ. 1976ರಲ್ಲಿ ಎಬಿಸಿ ಬಾರ್ಬರಾ ವಾಲ್ಟರ್ಸ್ ಅವರನ್ನು ಹ್ಯಾರಿ ರೀಸನರ್ ಪಕ್ಕ ಕೂರಿಸಿತು. ರೀಸನರ್‌ಗೆ ಆಕೆಯನ್ನು ಸಮಾನಳೆಂದು ಒಪ್ಪುವ ಮನಸ್ಸಿರಲಿಲ್ಲ. ಆ ಮುನಿಸು ಪರದೆಯ ಮೇಲೂ ಕಾಣುತ್ತಿತ್ತು. ಎರಡು ವರ್ಷದಲ್ಲಿ ಜೋಡಿ ಮುರಿಯಿತು.

ಭಿನ್ನಾಭಿಪ್ರಾಯದಿಂದ ಜೋಡಿ ಮುರಿಯಲೇಬೇಕೆಂದಿಲ್ಲ. 1967ರಲ್ಲಿ ಪ್ರಸಾರ ಕಲಾವಿದರ ಸಂಘ ಮುಷ್ಕರ ಹೂಡಿದಾಗ ಬ್ರಿಂಕ್ಲಿ ಕೆಲಸಕ್ಕೆ ಹೋಗಲಿಲ್ಲ, ಹಂಟ್ಲಿ ಹೋದರು. ಒಂದೇ ಕಾರ್ಯಕ್ರಮದ ಇಬ್ಬರಿಗೆ ಎರಡು ಮನಸ್ಸಿದೆ ಎಂದು ಇಡೀ ದೇಶಕ್ಕೆ ಗೊತ್ತಾಯಿತು. ಮುಷ್ಕರ ಮುಗಿದ ಮೇಲೆ ಮತ್ತೆ ಹೆಸರು ಹಿಡಿದು ಕರೆದುಕೊಳ್ಳುತ್ತಾ, ಹಂಟ್ಲಿ ನಿವೃತ್ತರಾದ 1970ರ ಜುಲೈ 31ರವರೆಗೆ ಸುದ್ದಿ ಓದಿದರು.