ಪುಂಡಿಯ ಕೆಂಪು ಪಾನಕ

ಬ್ರಹ್ಮಗಿರಿಗೆ ಶಾಲಾ ಪ್ರವಾಸ ಬರುವ ಮಕ್ಕಳು ನೋಡುವುದು ಬಂಡೆಯನ್ನು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂದೆಲ್ಲ ಅದರಲ್ಲಿದೆ ಎಂದು ಮೇಷ್ಟ್ರು ವಿವರಿಸುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಬಸ್ಸು ಹತ್ತುವ ಮುಂಚೆ ಈ ಸೀಮೆಯ ಹೊಲಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ ಎನ್ನುವುದು ಈ ವಾರದ ನನ್ನ ಮಾತು.

ಚಳ್ಳಕೆರೆ, ಮೊಳಕಾಲ್ಮುರು ಎಂದರೆ ಶೇಂಗಾ ಸೀಮೆ; ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳು. ಇಂಥ ಬಯಲುಸೀಮೆಯ ಹೊಲದಲ್ಲಿ ಅಕ್ಕಡಿ ಸಾಲಿಗೆ ಒಂದು ಹಿಡಿ ಪುಂಡಿ ಬೀಜ ಚೆಲ್ಲುವುದು ಹಳೆಯ ರೂಢಿ. ಹುಳಿ ಹುಳಿಯಾದ ಸೊಪ್ಪು ಚಟ್ನಿಗೆ, ಸಾರಿಗೆ. ಕಾಂಡದ ನಾರು ಹಗ್ಗಕ್ಕೆ. ಗಡಿಯಾಚೆಯ ರಾಯದುರ್ಗದ ಕಡೆ ಹೋದರೆ ಇದೇ ಗೋಂಗೂರ. ಮುದ್ದೆಯ ಜೊತೆ ಪುಂಡಿ ಚಟ್ನಿ ತಿಂದವರಿಗೆ ಅದರ ರುಚಿ ಬೇರೆ ಹೇಳಬೇಕಿಲ್ಲ.

ಪುಂಡಿ ದಾಸವಾಳದ ಕುಲದ್ದು. ಬೆಂಡೆ, ಹತ್ತಿ ಕೂಡ ಇವುಗಳ ಬಳಗವೇ. ಪುಂಡಿ ಎಂಬ ಒಂದೇ ಹೆಸರಿನಲ್ಲಿ ನಮ್ಮವರು ಎರಡು ಗಿಡಗಳನ್ನು ಕರೆಯುತ್ತಾರೆ. ನಮಗೆ ಈಗ ಬೇಕಾದದ್ದು ಕೆಂಪು ದಂಟಿನ ಪುಂಡಿ, ಸಸ್ಯಶಾಸ್ತ್ರದ ಹೆಸರು ಹಿಬಿಸ್ಕಸ್ ಸಬ್ದಾರಿಫ. ನಸುಹಳದಿ ಹೂವು, ನಡುವೆ ಕಡುಗೆಂಪು. ಬೆಳಿಗ್ಗೆ ಅರಳಿ ಸಂಜೆಗೆ ಬಾಡುತ್ತದೆ. ಸ್ವಾರಸ್ಯವಿರುವುದು ಆಮೇಲೆ. ಹೂವಿನ ಬುಡದಲ್ಲಿ ಪುಷ್ಪಪತ್ರಗಳಿರುತ್ತವೆ ಎಂದು ಪಾಠದಲ್ಲಿ ಓದಿದ್ದೀರಲ್ಲ, ಅವು ಒಣಗಿ ಉದುರುವ ಬದಲು ಕಾಯಿಯ ಸುತ್ತ ದಪ್ಪಗೆ ಬೆಳೆದು ಕೆಂಪು ಬಟ್ಟಲಾಗುತ್ತವೆ. ಆ ಬಟ್ಟಲಿನ ತುಂಬ ಹುಳಿ.

ಈಗ ಅಟ್ಲಾಸ್ ತೆಗೆಯಿರಿ. ಬ್ರಹ್ಮಗಿರಿ ಇರುವುದು 14 ಮತ್ತು 15 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ. ಅಲ್ಲಿಂದ ನೇರ ಪಶ್ಚಿಮಕ್ಕೆ ಬೆರಳು ಸರಿಸುತ್ತ ಹೋಗಿ. ಕಾರವಾರದ ಬಳಿ ಸಮುದ್ರ ದಾಟಿ, ಯೆಮನ್ ಮುಟ್ಟಿ, ಸುಡಾನಿಗೆ ಬರುತ್ತೀರಿ. ಅಲ್ಲಿ ಈ ಬಟ್ಟಲುಗಳನ್ನು ನೆನೆಸಿ ಮಾಡುವ ಪಾನೀಯಕ್ಕೆ ಕರ್ಕದೆ ಎಂದು ಹೆಸರು. ಆಫ್ರಿಕದ ಪಶ್ಚಿಮ ತುದಿಯ ಸೆನೆಗಲ್‌ನಲ್ಲಿ ಅದೇ ಬಿಸಾಪ್. ಅಟ್ಲಾಂಟಿಕ್ ದಾಟಿದರೆ ಕೆರಿಬಿಯನ್ ದ್ವೀಪಗಳ ಸಾಲು. ನಮ್ಮ ಗೆರೆಯ ಮಗ್ಗುಲಲ್ಲೇ ಮಾರ್ಟಿನಿಕ್, ಮೇಲೆ ಜಮೈಕ, ಕೆಳಗೆ ಟ್ರಿನಿಡಾಡ್. ಜಮೈಕ, ಟ್ರಿನಿಡಾಡ್‌ಗಳಲ್ಲಿ ಇದನ್ನು ಸಾರೆಲ್ ಎನ್ನುತ್ತಾರೆ. ಕ್ರಿಕೆಟ್ಟಿನಿಂದ ಈ ಹೆಸರುಗಳೆಲ್ಲ ನಮಗೆ ಪರಿಚಿತ; ಅವರ ಹಬ್ಬದ ಲೋಟದಲ್ಲಿ ನಮ್ಮ ಪುಂಡಿ ಇದೆ ಎಂಬುದು ಮಾತ್ರ ಅಷ್ಟಾಗಿ ತಿಳಿಯದು.

ಈ ಗಿಡದ ತವರು ಆಫ್ರಿಕ ಎಂದು ಹಲವು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಕಬ್ಬಿನ ತೋಟಗಳಲ್ಲಿ ದುಡಿಸಲು ಹಡಗಿನಲ್ಲಿ ತುಂಬಿ ತಂದ ಆಫ್ರಿಕನ್ನರ ಜೊತೆಯಲ್ಲೇ ಬೀಜವೂ ಕೆರಿಬಿಯನ್‌ಗೆ ಬಂತು. 1707ರ ಹೊತ್ತಿಗೆ ಜಮೈಕದಲ್ಲಿ ಇದನ್ನು ಬೆಳೆಯುತ್ತಿದ್ದರು. ಗುಲಾಮರಿಗೆ ವರ್ಷದಲ್ಲಿ ಸಿಗುತ್ತಿದ್ದ ಬೆರಳೆಣಿಕೆಯ ರಜೆಗಳಲ್ಲಿ ಕ್ರಿಸ್‌ಮಸ್ ಒಂದು. ಬಟ್ಟಲು ಕೊಯ್ಲಿಗೆ ಬರುವುದೂ ಆಗಲೇ. ಪುಂಡಿ ಹೂ ಬಿಡಬೇಕಾದರೆ ಹಗಲು ಗಿಡ್ಡವಾಗಬೇಕು. ಎಷ್ಟು ಮೊದಲೇ ಬಿತ್ತಿದರೂ ಅದು ಕಾಯುತ್ತದೆ. ಒಂದೇ ಅಕ್ಷಾಂಶದಲ್ಲಿ ಹಗಲಿನ ಉದ್ದ ಒಂದೇ. ಆದ್ದರಿಂದ ಅಲ್ಲಿ ಕ್ರಿಸ್‌ಮಸ್ಸಿಗೆ ಕೆಂಪಾಗುವ ಬಟ್ಟಲು ಇಲ್ಲಿ ದೀಪಾವಳಿ ಕಳೆದು ಸಂಕ್ರಾಂತಿ ಬರುವುದರೊಳಗೆ ಕೆಂಪಾಗುತ್ತದೆ. ನಾವು ಸೊಪ್ಪಿಗೇ ನಿಂತೆವು, ಅವರು ಇನ್ನೆರಡು ತಿಂಗಳು ಕಾದರು. ವ್ಯತ್ಯಾಸ ಇಷ್ಟೇ ಅನ್ನಿ.

ಇನ್ನು ಮಾಡುವ ಬಗೆ. ಬಟ್ಟಲು ರಸತುಂಬಿ ದಪ್ಪಗಿರುವಾಗಲೇ ಕೊಯ್ಯಬೇಕು, ಬಲಿತು ನಾರಾಗಲು ಬಿಡಬಾರದು. ಬುಡ ಕೊಯ್ದು ಒಳಗಿನ ಬೀಜದ ಕಾಯಿ ತೆಗೆದುಹಾಕಿ ಚೆನ್ನಾಗಿ ತೊಳೆಯಿರಿ. ಎರಡು ಲೋಟ ಬಟ್ಟಲಿಗೆ ಹೆಬ್ಬೆರಳುದ್ದ ಶುಂಠಿ ಜಜ್ಜಿ ಹಾಕಿ, ನಾಲ್ಕು ಲವಂಗ ಸೇರಿಸಿ, ಐದಾರು ಲೋಟ ಕುದಿಯುವ ನೀರು ಸುರಿದು ಮುಚ್ಚಿಡಿ. ಜಮೈಕದ ಮನೆಗಳಲ್ಲಿ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಿಗ್ಗೆ ಸೋಸಿ, ಸಕ್ಕರೆ ಬೆರೆಸಿ, ತಣ್ಣಗೆ ಕುಡಿಯುವುದು. ದೊಡ್ಡವರು ಅಲ್ಲಿ ರಮ್ ಕೂಡ ಸೇರಿಸುತ್ತಾರೆ, ಆ ವಿಷಯ ನಮಗೆ ಬೇಡ. ಬೆಲ್ಲ ಹಾಕಬಹುದೇ ಎಂದರೆ ಹಾಕಬಹುದು, ರುಚಿಗೆ ಮೋಸವಿಲ್ಲ, ಬಣ್ಣ ಮಾತ್ರ ಮಂಕಾಗುತ್ತದೆ. ಬಟ್ಟಲುಗಳನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಗಾಜಿನ ಜಾಡಿಯಲ್ಲಿಟ್ಟರೆ ಬೇಸಿಗೆಗೂ ಬರುತ್ತದೆ. ಆಗ ಲೋಟಕ್ಕೆ ಎರಡು ಟೀ ಚಮಚ ಹಾಕಿ ಐದಾರು ನಿಮಿಷ ಬಿಟ್ಟರೆ ಸಾಕು. ಹಸಿಯದು ಹತ್ತು ಕಿಲೋ ಒಣಗಿದರೆ ಸುಮಾರು ಒಂದು ಕಿಲೋ ಆದೀತು.

ಟೀ ಎಂದಾಕ್ಷಣ ಹಾಲು ಸುರಿಯಬೇಡಿ, ಒಡೆದು ಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಈ ಹುಳಿಗೆ ಸ್ಟೀಲು, ಗಾಜು, ಮಣ್ಣಿನ ಪಾತ್ರೆಯೇ ಸರಿ. ನಿಜಕ್ಕೂ ಇದರಲ್ಲಿ ಟೀ ಸೊಪ್ಪೂ ಇಲ್ಲ, ಕೆಫೀನೂ ಇಲ್ಲ. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎದ್ದಿರಲೆಂದು ಕೊಡಲು ಹೋದರೆ ಉಪಯೋಗವಿಲ್ಲ. ಓದಿ ದಣಿದವರಿಗೆ ಬಾಟಲಿಯ ಬಣ್ಣದ ನೀರಿನ ಬದಲು ಕೊಡಬಹುದು.

ಈ ಕೆಂಪಿಗೆ ಕಾರಣ ಆಂಥೋಸಯನಿನ್ ಎಂಬ ವರ್ಣದ್ರವ್ಯ. ವಿಜ್ಞಾನದ ವಿದ್ಯಾರ್ಥಿಗಳು ಸೋಸಿದ ನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಒಂದಕ್ಕೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಅಡುಗೆ ಸೋಡ ಚೂರುಚೂರೇ ಹಾಕಿ ನೋಡಿ. ಒಂದು ಕೆಂಪಾಗಿಯೇ ಉಳಿಯುತ್ತದೆ, ಇನ್ನೊಂದು ನೀಲಿ, ಹಸಿರಿನ ಕಡೆ ತಿರುಗುತ್ತದೆ. ಸೋಡ ಹಾಕಿದ್ದನ್ನು ಕುಡಿಯಬೇಡಿ. ಪುಂಡಿ ಸಿಗದ ಪಟ್ಟಣದ ಮಕ್ಕಳು ಅಂಗಳದ ಕೆಂಪು ದಾಸವಾಳದ ಎಸಳುಗಳಿಂದ ಇದೇ ಪ್ರಯೋಗ ಮಾಡಬಹುದು. ಆ ಎಸಳುಗಳನ್ನೂ ಬಿಸಿನೀರಿನಲ್ಲಿ ನೆನೆಸಿ ಕುಡಿಯುವವರುಂಟು, ಆದರೆ ಪುಂಡಿಯ ಹುಳಿ ಅದರಲ್ಲಿಲ್ಲ, ನಿಂಬೆ ಹಿಂಡಿಕೊಳ್ಳಬೇಕು.

ರಕ್ತದೊತ್ತಡಕ್ಕೆ ಒಳ್ಳೆಯದು ಎಂಬ ಮಾತು ಕೇಳಿರುತ್ತೀರಿ. ಅಮೆರಿಕದಲ್ಲಿ 65 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೆ ಮೂರು ಲೋಟದಂತೆ ಆರು ವಾರ ಕುಡಿದವರ ಒತ್ತಡ ತುಸು ಇಳಿದದ್ದು ಕಂಡಿತು. ಹಾಗೆಂದು ಅಜ್ಜನ ಮಾತ್ರೆ ನಿಲ್ಲಿಸಿ ಇದನ್ನು ಕೊಡುವುದು ಅಪಾಯ. ಮಾತ್ರೆ ನುಂಗುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಕುಡಿಯಲಿ.

ನಗರದ ಅಂಗಡಿಗಳಲ್ಲಿ ಈಗ ಇದೇ ಒಣ ಬಟ್ಟಲು ಹಿಬಿಸ್ಕಸ್ ಟೀ ಎಂಬ ಹೆಸರಿನ ಚೆಂದದ ಪೊಟ್ಟಣದಲ್ಲಿ ಕೂತಿದೆ. ಹೊಲವಿರುವವರು ಹಣ ಕೊಟ್ಟು ತರಬೇಕಿಲ್ಲ. ಸೊಪ್ಪಿಗೆಂದು ಕೀಳುವಾಗ ಕೆಂಪು ದಂಟಿನ ಏಳೆಂಟು ಗಿಡಗಳನ್ನು ಬದುವಿನ ಪಕ್ಕ ಹಾಗೇ ಬಿಡಿ. ನಾರಿಗೆಂದೇ ಬೆಳೆಯುವ ಎತ್ತರದ ತಳಿಯಲ್ಲಿ ಬಟ್ಟಲು ತೆಳ್ಳಗೆ. ದಪ್ಪ ಬಟ್ಟಲಿನ ಗಿಡ ಯಾರ ಹೊಲದಲ್ಲಿದೆಯೋ ಅವರಿಂದ ನಾಲ್ಕು ಕಾಯಿ ಕೇಳಿ ತರಬೇಕು. ಒಂದೆರಡು ಗಿಡ ಕೊಯ್ಯದೆ ಒಣಗಲು ಬಿಟ್ಟರೆ ಬರುವ ಮುಂಗಾರಿಗೆ ಬೀಜ ಮನೆಯಲ್ಲೇ ಇರುತ್ತದೆ.