ಗಡಿಯಾಚೆಯ ಗಿರಾಕಿ
ಕೃಷ್ಣಾತೀರದ ಐನಾಪುರದಲ್ಲಿ ಕಬ್ಬು ಬೆಳೆದು ಕಾರ್ಖಾನೆಗೆ ಕಳುಹುವ ರೈತನಿಗೆ ಆ ಹುಟ್ಟುವಳಿಯ ಮೇಲೆ ಆದಾಯ ತೆರಿಗೆಯಿಲ್ಲವೆಂಬುದು ಸರ್ವವಿದಿತ. ಆದರೆ ಅದೇ ರೈತನು ಪೇಟೆಯಲ್ಲೊಂದು ಅಂಗಡಿಯನ್ನೂ ನಡೆಯಿಸಿ, ಅದರ ಲಾಭವು ವಿನಾಯಿತಿಯ ಮಿತಿಯನ್ನು ದಾಟಿ, ಕೃಷಿಯ ಆದಾಯವು 5,000 ರೂಪಾಯಿಗಳನ್ನು ಮೀರಿದಲ್ಲಿ, ತೆರಿಗೆಯ ದರವನ್ನು ನಿಶ್ಚಯಿಸುವಾಗ ಕಬ್ಬಿನ ಹಣವೂ ಗಣನೆಗೆ ಬರುವುದೆಂದು ಬಲ್ಲವರು ವಿರಳ. ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ಗಡಿಯದು. ಕಾಗವಾಡವನ್ನು ದಾಟಿದರೆ ಮಹಾರಾಷ್ಟ್ರದ ಮಿರಜ. ಬೀಗತನದಲ್ಲಿಯೂ ಬಜಾರದಲ್ಲಿಯೂ ಎರಡನ್ನೂ ಒಂದೇ ನಾಡೆಂದು ಬಗೆದಿರುವ ನಮ್ಮ ಜನರ ನಡುವೆ ಜಿ.ಎಸ್.ಟಿ. ಕಾಯಿದೆಯು ರೇಖೆಯೊಂದನ್ನು ಎಳೆದಿದೆ. ವಾರ್ಷಿಕ ವಹಿವಾಟು 40 ಲಕ್ಷವನ್ನು ಮೀರದ ಸರಕಿನ ವ್ಯಾಪಾರಿಗೆ ಸಾಮಾನ್ಯವಾಗಿ ನೋಂದಣಿಯ ನಿರ್ಬಂಧವಿಲ್ಲ. ಆದರೆ ತೆರಿಗೆಗೊಳಪಟ್ಟ ಸರಕನ್ನು ಮಿರಜಿನ ಅಂಗಡಿಗೆ ಕಳುಹಿದೊಡನೆ, ಕರಕುಶಲ ವಸ್ತುಗಳಂತಹ ಅಲ್ಪ ಅಪವಾದಗಳನ್ನುಳಿದು, ಆ ರಿಯಾಯಿತಿಯು ಲುಪ್ತವಾಗುತ್ತದೆ. ಒಂದೂವರೆ ಕೋಟಿಯೊಳಗಿನವರಿಗೆ ಸುಲಭವೆನಿಸುವ, ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ತೆರುವ ಕಾಂಪೊಸಿಷನ್ ಪದ್ಧತಿಯನ್ನು ಆಯ್ದವನಂತೂ ಹೊರರಾಜ್ಯದಿಂದ ಕೊಳ್ಳಬಹುದೇ ಹೊರತು ಹೊರರಾಜ್ಯಕ್ಕೆ ಮಾರಲಾಗದು. (ಇಂತಹ ನಿಯಮವನ್ನು ಬರೆದವರು ಗಡಿಯೂರಿನಲ್ಲಿ ಅಂಗಡಿಯಿಟ್ಟವರಲ್ಲವೆಂಬುದು ಸ್ಪಷ್ಟ.) 2025ರ ಜುಲೈಯಲ್ಲಿ ಯುಪಿಐ ಜಮೆಗಳ ಆಧಾರದಿಂದ ರಾಜ್ಯದ ಸಣ್ಣ ವರ್ತಕರಿಗೆ ನೋಟೀಸುಗಳು ಬಂದುದನ್ನು ಕಂಡಮೇಲಾದರೂ, ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆಗಳನ್ನಿರಿಸಿ, ಗಿರಾಕಿಗಳು ಗಡಿಯ ಯಾವ ಮಗ್ಗುಲಿನವರೆಂಬುದನ್ನು ಪಟ್ಟಿಮಾಡಿಕೊಂಡು, ಮಾರ್ಚ್ 31ರೊಳಗಾಗಿ ಮುಂದಿನ ವರ್ಷದ ಪದ್ಧತಿಯನ್ನು ನಿರ್ಧರಿಸತಕ್ಕದ್ದು.