ಅಮೆರಿಕದ ಕೋಳಿ ಕಾಲು, ಹುಡಗಿಯ ಸೋಯಾ

ಹುಡಗಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ಮುಂಬೈ ಬದಿಯ ನ್ಹಾವಾ ಶೇವಾ ಬಂದರು ರಸ್ತೆ ಮೇಲೆ 500 ಕಿ.ಮೀ.ಗೂ ಹೆಚ್ಚು. ಹಾಗಂತ ಬಂದರಿಗೆ ಇಳಿದ ಮಾಲು ನಮ್ಮನ್ನು ಮುಟ್ಟುವುದಿಲ್ಲ ಅಂದುಕೊಳ್ಳಬೇಡಿ. ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲೇ ಹಾದು ಹೋಗುತ್ತದೆ. ಆ ದಾರಿಯಲ್ಲಿ ಅಮೆರಿಕದ ಫ್ರೋಜನ್ ಕೋಳಿ ಕಾಲು ಬರಬೇಕೋ ಬೇಡವೋ ಎಂಬ ಜಗಳ ದೆಹಲಿಗೂ ವಾಷಿಂಗ್ಟನ್‌ಗೂ ವರ್ಷಗಟ್ಟಲೆ ನಡೆದಿದೆ.

"ನಮ್ಮ ಮನೇಲಿ ಕೋಳಿ ತಿನ್ನಲ್ಲ, ನಮಗೇನು?" ಅನ್ನುವವರು ಈ ಕಡೆ ಬಹಳ. ಅವರಿಗೆ ನಮ್ಮದೊಂದು ಪ್ರಶ್ನೆ. ಮುಂಗಾರಿಗೆ ನೀವು ಬಿತ್ತುವ ಸೋಯಾ ಗಂಜ್‌ನಿಂದ ಎಲ್ಲಿಗೆ ಹೋಗುತ್ತದೆ? 100 ಕಿಲೋ ಸೋಯಾ ಗಾಣಕ್ಕೆ ಹಾಕಿದರೆ ಎಣ್ಣೆ ಸಿಗುವುದು 18 ಕಿಲೋ ಆಸುಪಾಸು. ಮಿಕ್ಕಿದ್ದರಲ್ಲಿ ಬಹುಪಾಲು ಹಿಂಡಿ. ಆ ಹಿಂಡಿ ಮೆಕ್ಕೆಜೋಳದ ಜೊತೆ ಸೇರಿ ಫಾರಂ ಕೋಳಿಯ ಹೊಟ್ಟೆಗೆ ಹೋಗುತ್ತದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ರೈತನ ಸೋಯಾಕ್ಕೂ ಕೋಳಿಯೇ ಗಿರಾಕಿ. ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೆ ಲೆಕ್ಕ ಇರುವುದೇ ಹೀಗೆ.

2021ರ ಆಗಸ್ಟ್ ನೆನಪಿದೆಯಲ್ಲ? ಸೋಯಾ ದರ ದೇಶದ ಕೆಲವು ಮಾರುಕಟ್ಟೆಗಳಲ್ಲಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತ್ತು. ಮೇವು ತುಟ್ಟಿಯಾಯಿತು ಎಂದು ಕೋಳಿ ಉದ್ಯಮ ಕೂಗಿತು. ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಲು ಅನುಮತಿ ಕೊಟ್ಟಿತು. ಇಳಿಸಲು ಹೇಳಿದ ಜಾಗಗಳಲ್ಲಿ ಇದೇ ನ್ಹಾವಾ ಶೇವಾ ಒಂದು. ನಮ್ಮ ರಾಶಿ ಮುಗಿಯುವ ಹೊತ್ತಿಗೆ ದರ ಬಹಳ ಕೆಳಗೆ ಇಳಿದಿತ್ತು. ಬರೀ ಹಿಂಡಿ ಬಂದಾಗಲೇ ಹೀಗೆ. ಕೋಳಿ ಕಾಲೇ ಬಂದರೆ ಅದರೊಳಗೆ ಅಮೆರಿಕದ ಮೆಕ್ಕೆಜೋಳ, ಅಮೆರಿಕದ ಸೋಯಾ ಕೂತು ಬಂದ ಹಾಗೆ. ಇಲ್ಲಿ ಹಿಂಡಿ ಕೇಳುವವರೇ ಕಡಿಮೆಯಾಗುತ್ತಾರೆ.

ಕಾಲೇ ಯಾಕೆ ಅಂತೀರಾ? ಅಮೆರಿಕದವರಿಗೆ ಕೋಳಿಯ ಎದೆ ಮಾಂಸದ ಮೇಲೆ ಆಸೆ ಜಾಸ್ತಿ. ಕಾಲು ಅಲ್ಲಿ ಅಗ್ಗ. ನಮ್ಮಲ್ಲಿ ತಟ್ಟೆಗೆ ಲೆಗ್ ಪೀಸ್ ಬೀಳದಿದ್ದರೆ ಬೀಗರೇ ಮುನಿಸಿಕೊಳ್ಳುತ್ತಾರೆ. ಎದೆ ಮಾಂಸದ ದುಡ್ಡಿನಲ್ಲೇ ಖರ್ಚು ಹುಟ್ಟಿಸಿಕೊಂಡವನು ಕಾಲನ್ನು ಯಾವ ದರಕ್ಕಾದರೂ ಮಾರಬಲ್ಲ. ಇಡೀ ಕೋಳಿ ಸಾಕಿ ಮಾರುವ ನಮ್ಮವನು ಅವನ ಜೊತೆ ಹೇಗೆ ಪೈಪೋಟಿ ಮಾಡುತ್ತಾನೆ?

ಇದನ್ನು ತಡೆಯಲು ನಮ್ಮ ಸರ್ಕಾರ ಮೊದಲು ಹಕ್ಕಿಜ್ವರದ ನೆಪ ಹಿಡಿಯಿತು. 2012ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2014ರಲ್ಲಿ ಭಾರತ ಸೋತಿತು, 2015ರ ಮೇಲ್ಮನವಿಯಲ್ಲೂ ಸೋತಿತು. ನೆಪ ಎಂದು ನಾವು ಅನ್ನುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಜ್ವರ ಕಂಡರೆ ಸುತ್ತ 10 ಕಿ.ಮೀ. ನಿಗಾ ಇಡುತ್ತೇವೆ. 2025ರ ಜನವರಿಯಲ್ಲಿ ಪಕ್ಕದ ಉದಗೀರದಲ್ಲಿ ಕಾಗೆಗಳು ಸತ್ತಾಗಲೂ ಮಾಡಿದ್ದು ಅದನ್ನೇ. ಅಮೆರಿಕದ ಯಾವುದೋ ಮೂಲೆಯಲ್ಲಿ ಕಂಡರೆ ಮಾತ್ರ ಆಗ ಇಡೀ ದೇಶದ ಕೋಳಿಗೆ ಬಾಗಿಲು ಬಂದ್ ಆಗುತ್ತಿತ್ತು. ಈ ವಾದ ಯಾವ ಪಂಚಾಯ್ತಿ ಕಟ್ಟೆಯಲ್ಲೂ ನಿಲ್ಲುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ, ದೆಹಲಿಯ ಜಿ20 ಸಭೆಯ ಹೊತ್ತಿಗೆ, ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಫ್ರೋಜನ್ ಟರ್ಕಿ ಕೋಳಿ, ಬಾತುಕೋಳಿಯ ಸುಂಕ ಇಳಿಸಲು ಭಾರತ ಒಪ್ಪಿತು. ಕೋಳಿ ಕಾಲಿನ ಮೇಲಿನ 100% ಸುಂಕ ಹಾಗೇ ಉಳಿಯಿತು. ಬಂದರಿಗೆ 100 ರೂಪಾಯಿಗೆ ಬಂದ ಮಾಲಿಗೆ ಇನ್ನೂ 100 ರೂಪಾಯಿ ಕಟ್ಟಬೇಕು. ಈಗ ನಮ್ಮ ಮುಂದೆ ಇರುವ ಗೋಡೆ ಅದೊಂದೇ.

ಅದು ಇರಲಿ ಎಂಬುದೇ ನಮ್ಮ ಮಾತು. ಸುಳ್ಳು ನೆಪಕ್ಕಿಂತ ನೇರವಾದ ಸುಂಕ ಎಷ್ಟೋ ವಾಸಿ.

ಅಗ್ಗದ ಮಾಂಸ ಬಡವರಿಗೆ ಒಳ್ಳೆಯದಲ್ಲವೇ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ರಷ್ಯಾದಲ್ಲಿ 1990ರ ದಶಕದಲ್ಲಿ ಇದೇ ಅಮೆರಿಕದ ಕಾಲು ರಾಶಿ ರಾಶಿ ಬಂತು, ಜನ ಅದಕ್ಕೆ 'ಬುಷ್ ಕಾಲು' ಎಂದೇ ಹೆಸರಿಟ್ಟರು. ಹಸಿದವರ ಹೊಟ್ಟೆ ತುಂಬಿದ್ದು ನಿಜ. ತಮ್ಮ ಕೋಳಿ ಉದ್ಯಮವನ್ನು ಮತ್ತೆ ಎತ್ತಿ ನಿಲ್ಲಿಸಲು ರಷ್ಯಾದವರಿಗೆ ವರ್ಷಗಳೇ ಹಿಡಿದವು. ಮತ್ತೊಂದು ಮಾತು: ಆ ಕಾಲು ಮೊದಲು ಹೋಗುವುದು ಹೈದರಾಬಾದ್, ಪುಣೆಯ ಹೋಟೆಲಿಗೆ. ನಮ್ಮ ಶೆಡ್‌ಗಳ ಕೋಳಿಯೂ ದೊಡ್ಡ ಊರುಗಳ ಗಿರಾಕಿಯನ್ನೇ ನಂಬಿದೆ. ಹುಡಗಿಗೆ ಒಂದು ಡಬ್ಬಿ ಬಾರದಿದ್ದರೂ ಪೆಟ್ಟು ಇಲ್ಲಿ ಬೀಳುತ್ತದೆ.

ಆದರೆ ಸುಂಕದ ಗೋಡೆಯ ನೆರಳಲ್ಲಿ ತಣ್ಣಗೆ ಕೂತವರು ಯಾರು ಎಂದೂ ನೋಡಬೇಕು. ಗುತ್ತಿಗೆ ಸಾಕಣೆಯಲ್ಲಿ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧಿ ಕಂಪನಿಯದು. ಶೆಡ್, ಬ್ಯಾಂಕ್ ಸಾಲ, ಕರೆಂಟ್ ಬಿಲ್, ನೀರು, ಹೊಟ್ಟು, ರಾತ್ರಿ ಕಾವಲು ರೈತನದು. 40–45 ದಿನ ಸಾಕಿದ್ದಕ್ಕೆ ಕಿಲೋ ಲೆಕ್ಕದಲ್ಲಿ ಸಾಕಣೆ ಕೂಲಿ. ತನ್ನ ಶೆಡ್‌ನಲ್ಲಿ ತಾನೇ ಕೂಲಿ. ಮುಂದಿನ ಬ್ಯಾಚ್ ಮರಿ ಯಾವಾಗ ಬರುತ್ತದೆ ಎಂದೂ ಅವನಿಗೆ ಗೊತ್ತಿರುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವಾಟ್ಸಾಪ್ ಸುಳ್ಳಿಗೆ ದರ ನೆಲ ಕಚ್ಚಿತು. ನಮ್ಮ ರಾಜ್ಯದಲ್ಲೇ ಜೀವಂತ ಕೋಳಿಗಳನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಆಗ ಯಾವ ವಿದೇಶಿ ಕಾಲೂ ಬಂದಿರಲಿಲ್ಲ. ಕೊಯ್ದು, ಶುಚಿ ಮಾಡಿ, ತಣ್ಣಗಿಟ್ಟು ದರ ಏರುವ ತನಕ ಕಾಯುವ ವ್ಯವಸ್ಥೆ ರೈತನ ಕೈಯಲ್ಲಿ ಇರಲಿಲ್ಲ, ಅಷ್ಟೇ. ಫ್ರೋಜನ್ ಎಂಬುದು ಅಮೆರಿಕದವರಿಗೆ ಮಾತ್ರ ಬರುವ ವಿದ್ಯೆಯೇನಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರ್‌ನಲ್ಲೇ ಇದೆ, 2004ರಿಂದ. ನಮ್ಮ ಶೆಡ್ ರೈತರ ಸಂಘಕ್ಕೆ ಒಂದು ಸಣ್ಣ ಶೀತಲ ಘಟಕ ಹಾಕಿಕೊಡಲು ದಿಲ್ಲಿಯ ಅಪ್ಪಣೆಗೆ ಕಾಯಬೇಕೇ?

2025–26ಕ್ಕೆ ಸೋಯಾದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,328 ರೂಪಾಯಿ. ಅದು ಕಾಗದದ ಮೇಲಿನ ದರ, ಗಂಜ್‌ನಲ್ಲಿ ಅಡತಿ ಎಷ್ಟು ಕೊಡುತ್ತಾನೆಂದು ನಿಮಗೇ ಗೊತ್ತು. ಮುಂದಿನ ಸಲ ಸಂಸದರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳಿ ನೋಡಿ: ಕೋಳಿ ಕಾಲಿನ ಸುಂಕದ ಮಾತುಕತೆಯಲ್ಲಿ ಕಂಪನಿಗಳ ಪರ ಮಾತಾಡುವವರು ಇದ್ದೇ ಇರುತ್ತಾರೆ, ಸೋಯಾ ಬೆಳೆಯುವ ಬೀದರ್ ಪರ ಯಾರು ಕೂತಿರುತ್ತಾರೆ?